ಅತ್ತೆಯ ಮುಖ ಬರೆಯಲು ಹಿಡಿದ ಏಳು ತಿಂಗಳು

ಮೊನ್ನೆ ಭಾನುವಾರ ಅತ್ತೆಯವರ ಚಿತ್ರ ಮುಗಿಯಿತು. ಎ3 ಹಾಳೆ, ಪೆನ್ಸಿಲ್, ಕತ್ತಿನವರೆಗೆ ಮುಖ. ಜೂನ್‌ನಲ್ಲಿ ಶುರು ಮಾಡಿದ್ದು ಜನವರಿಯಲ್ಲಿ ಮುಗಿದಿದೆ. ಅಲ್ಲಿಯವರೆಗೆ ಬರೆದ ಹಾಳೆಗಳನ್ನೆಲ್ಲ ತಾರೀಖು ಹಾಕಿ ಒಂದು ಸೀರೆ ಡಬ್ಬದಲ್ಲಿ ಇಡುತ್ತಾ ಬಂದಿದ್ದೆ. ನಿನ್ನೆ ಎಣಿಸಿದೆ, 187 ಇವೆ. ಅದರಲ್ಲಿ ಮೊದಲ 60 ಹಾಳೆ ತಪ್ಪು ದಾರಿಯಲ್ಲಿ ಹೋದವು. ಮನುಷ್ಯರ ತಲೆ ಇದ್ದ ಹಾಗೆ ಬರೆಯಬೇಕು ಅಂತ ಕೂತವರಿಗೆ ಆ 60 ಹಾಳೆಯಾದರೂ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಮೈಸೂರಿನಲ್ಲಿ ಮನೆಯಲ್ಲೇ ಬ್ಲೌಸ್, ಚೂಡಿದಾರ್ ಹೊಲಿಯುತ್ತೇನೆ. ಹದಿನೆಂಟು ವರ್ಷವಾಯಿತು. ಚಿತ್ರ ಕಲಿತವಳಲ್ಲ. ಕಲಿಯಬೇಕು ಅನಿಸಿದ್ದು ಒಂದು ಬೇಜಾರಿನಿಂದ. ಹೋದ ವರ್ಷ ಅತ್ತೆಗೆ ಎಂಬತ್ತು ತುಂಬಿತು. ಫೋಟೋ ಕೊಟ್ಟರೆ ಪೆನ್ಸಿಲ್ ಚಿತ್ರ ಮಾಡಿಕೊಡುವವರ ಹತ್ತಿರ 4,000 ರೂಪಾಯಿ ಕೊಟ್ಟು ಒಂದು ಮಾಡಿಸಿದೆವು. ಇಪ್ಪತ್ತು ದಿನ ಕಾದ ಮೇಲೆ ಬಂತು. ಕೆಲಸ ತುಂಬಾ ನಾಜೂಕು. ಒಂದೊಂದು ಕೂದಲೂ ಕಾಣುತ್ತಿತ್ತು, ಸೀರೆಯ ಜರಿ ಕೂಡ. ಆದರೆ ಅದು ಅತ್ತೆ ಅಲ್ಲ. ಅವರ ತಂಗಿ ಅಂದರೆ ನಂಬಬಹುದಿತ್ತು. ಮನೆಯಲ್ಲಿ ಎಲ್ಲರಿಗೂ ಹಾಗೇ ಅನಿಸಿತು, ಎಲ್ಲಿ ತಪ್ಪಿದೆ ಅಂತ ಮಾತ್ರ ಒಬ್ಬರಿಗೂ ಹೇಳಲು ಬರಲಿಲ್ಲ. ತಿದ್ದಿಕೊಡಿ ಅಂದದ್ದಕ್ಕೆ "ಫೋಟೋದಲ್ಲಿ ಇದ್ದ ಹಾಗೇ ಇದೆಯಲ್ಲ" ಅಂದರು.

ಬ್ಲೌಸ್ ಸರಿಯಾಗಿ ಕೂರದಿದ್ದರೆ ಭುಜದಲ್ಲಿ ತಪ್ಪಿದೆಯೋ, ಆರ್ಮ್‌ಹೋಲ್‌ನಲ್ಲೋ ಅಂತ ನೋಡಿದ ಕೂಡಲೇ ಹೇಳುತ್ತೇನೆ. ಒಂದು ಮುಖ ಯಾಕೆ ಕೂತಿಲ್ಲ ಅಂತ ಹೇಳಲು ಆಗದೇ ಇದ್ದದ್ದು ನನ್ನನ್ನು ಕೊರೆಯಿತು. ನಾನೇ ಬರೆದು ನೋಡುತ್ತೇನೆ ಅಂತ ಹೊರಟೆ.

ಮೊದಲು ಮಾಡಿದ್ದು ಸಾಮಾನು ಕೊಂಡದ್ದು. 24 ಪೆನ್ಸಿಲ್‌ಗಳ ತಗಡಿನ ಡಬ್ಬ 650 ರೂಪಾಯಿ. ಅದರಲ್ಲಿ ಇವತ್ತಿಗೂ ಇಪ್ಪತ್ತು ಪೆನ್ಸಿಲ್ ಮೊನೆ ಸವೆಯದೆ ಹಾಗೇ ಇವೆ. ನಿಮಗೆ ಬೇಕಾಗಿರುವುದು ಎಚ್‌ಬಿ, 2ಬಿ, 4ಬಿ, 6ಬಿ ನಾಲ್ಕೇ. ಬಿಡಿಯಾಗಿ ಸಿಗುತ್ತವೆ. ಜೊತೆಗೆ ಹಿಟ್ಟಿನ ಉಂಡೆಯ ಹಾಗೆ ನಾದಬಹುದಾದ ಮೆತ್ತನೆ ರಬ್ಬರ್ ಒಂದು ತೆಗೆದುಕೊಳ್ಳಿ. ಅದು ಉಜ್ಜುವುದಿಲ್ಲ, ಒತ್ತಿದರೆ ಕಪ್ಪನ್ನು ಎತ್ತಿಕೊಳ್ಳುತ್ತದೆ. ಹಾಳೆ ಸವೆಯುವುದಿಲ್ಲ. ಕಲಿಯುವಾಗ ದುಬಾರಿ ಹಾಳೆ ಬೇಡವೇ ಬೇಡ. ನಾನು ಜೆರಾಕ್ಸ್ ಅಂಗಡಿಯಿಂದ ಎ3 ಹಾಳೆ ತಂದೆ. ಕೊನೆಯ ಚಿತ್ರಕ್ಕೆ ಮಾತ್ರ ದಪ್ಪನೆಯ ಕಾರ್ಟ್ರಿಡ್ಜ್ ಹಾಳೆ ಕೊಂಡೆ.

ಆಮೇಲೆ ಮೊಬೈಲ್‌ನಲ್ಲಿ ಒಂದು ಕೋರ್ಸಿಗೆ 2,999 ಕಟ್ಟಿದೆ. ಮೊದಲ ಎರಡು ವಾರ ಬರೀ ಕಣ್ಣು. ಆಮೇಲೆ ಮೂಗು, ಆಮೇಲೆ ತುಟಿ. ಹೇಳಿಕೊಡುವ ಹುಡುಗ ಚೆನ್ನಾಗಿಯೇ ಹೇಳಿಕೊಡುತ್ತಿದ್ದ. ಜುಲೈ ಮಧ್ಯದ ಹೊತ್ತಿಗೆ ನಾನು ಬರೆದ ಕಣ್ಣು ನೋಡಿ ಮಗಳು ಫೋಟೋ ಅಂದುಕೊಂಡಳು. ಎಷ್ಟು ಖುಷಿಯಾಯಿತು! ಅದೇ ಖುಷಿಯಲ್ಲಿ ಪೂರ್ತಿ ಮುಖ ಬರೆದೆ. ಒಳ್ಳೆಯ ಕಣ್ಣು, ಒಳ್ಳೆಯ ಮೂಗು, ಒಳ್ಳೆಯ ತುಟಿ ಒಂದು ಹಾಳೆಯ ಮೇಲೆ ಇದ್ದವು. ಮುಖ ಇರಲಿಲ್ಲ. ನೆತ್ತಿಯನ್ನು ಯಾರೋ ತಟ್ಟಿ ಚಪ್ಪಟೆ ಮಾಡಿದ ಹಾಗಿತ್ತು. ಎರಡು ದಿನ ಕೆಲಸದ ಮೇಲೂ ಮನಸ್ಸು ನಿಲ್ಲಲಿಲ್ಲ. ಬಾಕಿ ಪಾಠ ಬೇಡ, ಉಳಿದ ದುಡ್ಡು ಕೊಡಿ ಅಂತ ಬರೆದರೆ ಉತ್ತರವೇ ಬರಲಿಲ್ಲ.

ಬಟ್ಟೆ ಹೊಲಿಸಲು ಬರುವ ಒಬ್ಬರು ತಮ್ಮ ಬೀದಿಯಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಇದ್ದಾರೆ ಅಂದರು. ಹೈಸ್ಕೂಲಿನಲ್ಲಿ ಇದ್ದವರು. ಹೋಗಿ ನೋಡಿದರೆ ಮನೆಗೆ ಬೀಗ. ಹಾಸನದಲ್ಲಿ ಮಗಳ ಮನೆಗೆ ಹೋಗಿದ್ದರು. ಮೂರು ವಾರ ಕಾದೆ. ಆಗಸ್ಟ್ ಮೊದಲ ಶನಿವಾರ ಸಿಕ್ಕಿದರು. ತಿಂಗಳಿಗೆ 800, ಶನಿವಾರ ಮಧ್ಯಾಹ್ನ ಎರಡು ಗಂಟೆ. ನನ್ನ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು.

"ನೀವು ಹೊಲಿಗೆ ಕೆಲಸ ಮಾಡ್ತೀರಂತಲ್ಲಮ್ಮಾ. ಮೊದಲು ಗುಂಡಿ ಹೊಲಿದು ಆಮೇಲೆ ಬಟ್ಟೆ ಕತ್ತರಿಸ್ತೀರಾ?"

"ಇಲ್ಲ ಸಾರ್."

"ಮತ್ತೆ ಇದ್ಯಾಕೆ ಹೀಗೆ?"

ಅಷ್ಟೇ ಹೇಳಿದ್ದು. ನನಗೆ ಪೂರ್ತಿ ಅರ್ಥವಾಯಿತು.

ಒಂದು ತಿಂಗಳು ಕಣ್ಣು, ಮೂಗು, ಬಾಯಿ ಬರೆಯಬಾರದು ಅಂತ ಕಟ್ಟುನಿಟ್ಟು ಮಾಡಿದರು. ಮೊದಲು ನೆತ್ತಿಯಿಂದ ಗದ್ದದವರೆಗೆ ಒಂದು ಮೊಟ್ಟೆ. ಅದರ ನಟ್ಟನಡುವೆ ಅಡ್ಡಗೆರೆ. ಕಣ್ಣು ಕೂರುವುದು ಆ ಗೆರೆಯ ಮೇಲೆ ಅಂದರು. ನಾನು ನಂಬಲಿಲ್ಲ. ಕಣ್ಣು ಅಷ್ಟು ಕೆಳಗೆ ಇರಲು ಸಾಧ್ಯವೇ? ಮನೆಗೆ ಬಂದು ನಮ್ಮ ಮನೆಯವರನ್ನು ಕೂರಿಸಿ ಟೇಪ್ ಹಿಡಿದೆ. ನೆತ್ತಿಯಿಂದ ಕಣ್ಣಿಗೆ 17 ಸೆಂಟಿಮೀಟರ್, ಕಣ್ಣಿನಿಂದ ಗದ್ದಕ್ಕೆ 12. ಮೇಷ್ಟ್ರ ಲೆಕ್ಕ ತಪ್ಪು ಅಂತ ಮುಂದಿನ ಶನಿವಾರ ಹೇಳಿದೆ.

ಅವರಿಗೆ ಸಿಟ್ಟು ಬರಲಿಲ್ಲ. ಗೋಡೆಗೆ ಒರಗಿಸಿ ನಿಲ್ಲಿಸಿ ಅಳೆಯಿರಿ ಅಂದರು, ಮಕ್ಕಳ ಎತ್ತರ ಗುರುತು ಹಾಕುವ ಹಾಗೆ. ಹಾಗೇ ಮಾಡಿದೆ. ನೆತ್ತಿಯ ಮೇಲೆ ಪುಸ್ತಕ ಇಟ್ಟು ಗೋಡೆಗೆ ಒಂದು ಗೆರೆ, ಕಣ್ಣಿನ ಮಟ್ಟಕ್ಕೆ ಒಂದು, ಗದ್ದದ ಮಟ್ಟಕ್ಕೆ ಒಂದು. ಮೇಲೆ ಹನ್ನೊಂದೂವರೆ, ಕೆಳಗೆ ಹನ್ನೊಂದೂವರೆ. ಆಗ ಗೊತ್ತಾಯಿತು. ಟೇಪ್ ಮೈಯ ಉಬ್ಬುತಗ್ಗಿನ ಮೇಲೆ ಹರಿಯುತ್ತದೆ. ಬಟ್ಟೆಗೆ ಅದೇ ಬೇಕು, ಏಕೆಂದರೆ ಬಟ್ಟೆ ಮೈಯನ್ನು ಸುತ್ತುತ್ತದೆ. ಹಾಳೆ ಸುತ್ತುವುದಿಲ್ಲ. ಹಾಳೆಗೆ ಬೇಕಾಗಿರುವುದು ಎದುರಿಗೆ ನಿಂತವರಿಗೆ ಕಾಣುವಷ್ಟು ಮಾತ್ರ. ಹದಿನೆಂಟು ವರ್ಷದ ಅಭ್ಯಾಸ ಆ ದಿನ ಪಕ್ಕಕ್ಕೆ ಇಡಬೇಕಾಯಿತು. ಗೋಡೆಯ ಗೆರೆಗಳು ಇನ್ನೂ ಇವೆ. ಒರೆಸಬೇಡಿ ಅಂತ ಮನೆಯಲ್ಲಿ ಹೇಳಿದ್ದೇನೆ.

ನಾವೆಲ್ಲ ಕಣ್ಣನ್ನು ಮೇಲೆ ಬರೆಯುವುದು ಯಾಕೆಂದರೆ, ಮಾತಾಡುವಾಗ ನಾವು ನೋಡುವುದು ಹುಬ್ಬಿನಿಂದ ಬಾಯಿಯವರೆಗೆ ಅಷ್ಟೇ. ಮೇಲಿನ ಬುರುಡೆಯನ್ನು ಯಾರೂ ನೋಡುವುದಿಲ್ಲ. ಅದಕ್ಕೆ ಜಾಗ ಬಿಡಲು ಕೈಗೂ ನೆನಪಾಗುವುದಿಲ್ಲ.

ಮೊಟ್ಟೆಯ ನಂತರ ಚೆಂಡು. ಇದನ್ನು ಲೂಮಿಸ್ ವಿಧಾನ ಅಂತ ಕರೆಯುತ್ತಾರೆ, ಅಮೆರಿಕದ ಚಿತ್ರಕಾರ ಆಂಡ್ರ್ಯೂ ಲೂಮಿಸ್ ಅವರ ಹೆಸರಿನಿಂದ. ತಲೆಬುರುಡೆಯನ್ನು ಒಂದು ಚೆಂಡು ಅಂದುಕೊಳ್ಳಿ. ಕಿತ್ತಳೆಯ ಎರಡೂ ಪಕ್ಕ ಚಾಕುವಿನಿಂದ ಒಂದೊಂದು ಬಿಲ್ಲೆ ಕೊಯ್ದರೆ ಹೇಗಿರುತ್ತದೋ ಹಾಗೆ ಪಕ್ಕಗಳನ್ನು ಚಪ್ಪಟೆ ಮಾಡಿ. ಕೊಯ್ದ ಜಾಗದ ದುಂಡು, ಚೆಂಡಿನ ಅಗಲದ ಮೂರನೇ ಎರಡರಷ್ಟು ಇರಲಿ. ಚೆಂಡಿನ ನಡುಗೆರೆ ಹುಬ್ಬು. ಆ ದುಂಡಿನ ಮೇಲಂಚು ಕೂದಲು ಶುರುವಾಗುವ ಜಾಗ, ಕೆಳಅಂಚು ಮೂಗಿನ ಬುಡ. ಹುಬ್ಬಿನಿಂದ ಮೂಗಿನ ಬುಡಕ್ಕೆ ಇರುವಷ್ಟೇ ಅಂತರ ಮತ್ತೆ ಕೆಳಗೆ ಇಳಿದರೆ ಗದ್ದ. ಅಲ್ಲಿಂದ ದವಡೆಯ ಗೆರೆ ಎಳೆದು ಕಿವಿಯ ಹತ್ತಿರಕ್ಕೆ ತಂದು ಸೇರಿಸಿ. ಕಿವಿ ಹುಬ್ಬಿನ ಗೆರೆಗೂ ಮೂಗಿನ ಬುಡದ ಗೆರೆಗೂ ನಡುವೆ ಕೂರುತ್ತದೆ. ಪಕ್ಕದಿಂದ ನೋಡಿದರೆ ತಲೆಯ ನಡುಗೆರೆಯ ಹಿಂದೆ ಇರುತ್ತದೆ. ನಾನು ಯಾವಾಗಲೂ ಮುಂದಕ್ಕೆ ತರುತ್ತಿದ್ದೆ, ಹಿಂದಲೆ ಮಾಯವಾಗುತ್ತಿತ್ತು. ಪಕ್ಕದ ನೋಟದಲ್ಲಿ ತಲೆಯ ಉದ್ದ ಎಷ್ಟೋ ಮುಂದಿನಿಂದ ಹಿಂದಕ್ಕೆ ಆಳವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ ಅನ್ನುವುದನ್ನು ಮರೆಯಬೇಡಿ.

ಹಣೆ, ಮೂಗು, ಗದ್ದ ಮೂರೂ ಸಮ ಅನ್ನುವ ಈ ಲೆಕ್ಕ ಹೊರಗಿನಿಂದ ಬಂದದ್ದು ಮಾತ್ರ ಅಲ್ಲ. ನಮ್ಮ ಶಿಲ್ಪಿಗಳು ಮೂರ್ತಿಗೆ ಬಳಸುವ ಅಳತೆಯ ಪದ್ಧತಿ, ತಾಳಮಾನದಲ್ಲೂ ಇದೇ ಇದೆ. ಮುಖ ಒಂದು ತಾಳ, ಅಂದರೆ 12 ಅಂಗುಲ. ಈ ಅಂಗುಲ ಇಂಚಲ್ಲ, ಮುಖದ ಹನ್ನೆರಡನೇ ಒಂದು ಪಾಲು. ಹಣೆಗೆ 4, ಅಲ್ಲಿಂದ ಮೂಗಿನ ತುದಿಗೆ 4, ಅಲ್ಲಿಂದ ಗದ್ದಕ್ಕೆ 4. ಮೇಷ್ಟ್ರು ಇದನ್ನು ಹೇಳಿದ ಮಾರನೆ ದಿನವೇ ಬಸ್ ಹಿಡಿದು ಸೋಮನಾಥಪುರಕ್ಕೆ ಹೋದೆ. 1258ರ ದೇವಸ್ಥಾನ. ಹೊರಗೋಡೆಯ ಮೂರ್ತಿಗಳ ಎದುರು ಪೆನ್ಸಿಲ್ ಹಿಡಿದು ನಿಂತೆ. ಕಿರೀಟದ ಅಂಚಿನಿಂದ ಹುಬ್ಬು, ಹುಬ್ಬಿನಿಂದ ಮೂಗು, ಮೂಗಿನಿಂದ ಗದ್ದ. ಮೂಗು ಮುಕ್ಕಾಗದೆ ಉಳಿದಿರುವ ಮುಖಗಳಲ್ಲಿ ಲೆಕ್ಕ ಕೂಡಿಬಂತು. ಎಂಟು ನೂರು ವರ್ಷದ ಹತ್ತಿರ ಹತ್ತಿರ ಆಗಿದೆ. ಅಲ್ಲಿ ನಿಂತು ನನಗೆ ಗಂಟಲು ಕಟ್ಟಿತು. ನನ್ನ ಹಾಗೇ ಅಳತೆಯ ಮೇಲೆ ಬದುಕಿದ ಜನ ಆ ಶಿಲ್ಪಿಗಳು.

ಹಾಗೆ ಪೆನ್ಸಿಲ್ ಹಿಡಿದು ದೂರದಿಂದಲೇ ಅಳೆಯುವ ಕ್ರಮ ಹೇಳಬೇಕು, ಏಕೆಂದರೆ ಇದನ್ನೇ ಎಲ್ಲರೂ ತಪ್ಪು ಮಾಡುತ್ತಾರೆ. ಕೈ ಪೂರ್ತಿ ಚಾಚಬೇಕು, ಮೊಣಕೈ ಮಡಚಲೇ ಬಾರದು. ಒಂದು ಕಣ್ಣು ಮುಚ್ಚಬೇಕು. ಪೆನ್ಸಿಲ್‌ನ ತುದಿ ಒಂದು ಕಡೆ, ಹೆಬ್ಬೆರಳಿನ ಉಗುರು ಇನ್ನೊಂದು ಕಡೆ. ಮೊಣಕೈ ಒಂಚೂರು ಮಡಚಿದರೂ ಅಳತೆ ಬದಲಾಗುತ್ತದೆ. ಸೆಂಟಿಮೀಟರ್ ಲೆಕ್ಕ ಇಲ್ಲಿ ಬರುವುದಿಲ್ಲ. ಒಂದು ಕಣ್ಣಿನ ಅಗಲ ಹಿಡಿದುಕೊಂಡು, ಉಳಿದದ್ದು ಅದರ ಎಷ್ಟು ಪಾಲು ಅಂತ ನೋಡುವುದು. ಎದೆ ಸುತ್ತಳತೆಯ ನಾಲ್ಕನೇ ಒಂದು ಪಾಲು ಅಂತ ನಾವು ಕಟಿಂಗ್ ಹಾಕುತ್ತೇವಲ್ಲ, ಅದೇ ಥರ. ಕಣ್ಣಿನ ಮಟ್ಟದಲ್ಲಿ ತಲೆಯ ಅಗಲ ಐದು ಕಣ್ಣು. ಎರಡು ಕಣ್ಣುಗಳ ನಡುವೆ ಒಂದು ಕಣ್ಣಿನ ಜಾಗ. ಮೂಗಿನ ಹೊಳ್ಳೆಗಳ ಹೊರ ಅಂಚು, ಕಣ್ಣಿನ ಒಳಮೂಲೆಯ ನೇರಕ್ಕೆ ಬರುತ್ತದೆ. ಬಾಯಿಯ ಮೂಲೆ ಕಣ್ಣಿನ ಪಾಪೆಯ ನೇರಕ್ಕೆ. ತುಟಿಗಳು ಸೇರುವ ಗೆರೆ ಮೂಗಿನ ಬುಡಕ್ಕೂ ಗದ್ದಕ್ಕೂ ನಟ್ಟನಡುವೆ ಇರುವುದಿಲ್ಲ. ಮೂರನೇ ಒಂದು ಪಾಲು ಇಳಿದರೆ ಅಲ್ಲೇ ಇರುತ್ತದೆ.

ಇಷ್ಟೆಲ್ಲ ಗೊತ್ತಾದ ಮೇಲೂ ನನ್ನ ಮುಖಗಳ ಹಣೆ ಉದ್ದ ಬರುತ್ತಿತ್ತು. ಎರಡು ವಾರ ಕಾರಣವೇ ಸಿಗಲಿಲ್ಲ. ಒಂದು ದಿನ ಮೇಷ್ಟ್ರು "ಮನೇಲಿ ಎಲ್ಲಿ ಕೂತು ಬರೀತೀರಿ?" ಅಂದರು. ಕಟಿಂಗ್ ಟೇಬಲ್ ಮೇಲೆ ಅಂದೆ. ಅದೇ ತಪ್ಪು. ಹಾಳೆ ಮಲಗಿದ್ದರೆ ಅದರ ಮೇಲಿನ ಅರ್ಧ ನಮ್ಮಿಂದ ದೂರ ಇರುತ್ತದೆ, ಓರೆಯಾಗಿ ನೋಡುವಾಗ ಕುಗ್ಗಿ ಕಾಣುತ್ತದೆ. ಕಣ್ಣು ಅದನ್ನು ಸರಿಮಾಡಲು ಹೋಗಿ ಹಣೆಯನ್ನು ಎಳೆಯುತ್ತದೆ. ಒಂದು ಪ್ಲೈವುಡ್ ಹಲಗೆ ತೊಡೆಯ ಮೇಲಿಟ್ಟು ಟೇಬಲ್ಲಿಗೆ ಒರಗಿಸಿ ಬರೆಯಲು ಶುರು ಮಾಡಿದೆ. ಆವತ್ತೇ ಹಣೆ ಸರಿಹೋಯಿತು. ಇದನ್ನು ಯಾವ ಕೋರ್ಸಿನಲ್ಲೂ ನನಗೆ ಯಾರೂ ಹೇಳಿರಲಿಲ್ಲ.

ದಸರಾ ಬಂತು. ಮೈಸೂರಿನಲ್ಲಿ ನಮ್ಮ ಕೆಲಸದವರಿಗೆ ಆ ತಿಂಗಳು ಉಸಿರಾಡಲು ಪುರುಸೊತ್ತು ಇರುವುದಿಲ್ಲ. ನಾಲ್ಕು ವಾರ ಪೆನ್ಸಿಲ್ ಮುಟ್ಟಲಿಲ್ಲ. ಆಮೇಲೆ ಕೂತರೆ ಒಂದು ಮೊಟ್ಟೆ ಕೂಡ ನೆಟ್ಟಗೆ ಬರಲಿಲ್ಲ. ಬಿಟ್ಟುಬಿಡೋಣ ಅನಿಸಿದ್ದು ಆಗಲೇ. ಯಾರೂ ಕೇಳಿರದ ಕೆಲಸ ಇದು, ಇದರಿಂದ ಒಂದು ರೂಪಾಯಿ ಬರುವುದಿಲ್ಲ. ಹತ್ತು ದಿನ ಹಾಗೇ ಕಳೆಯಿತು. ವಾಪಸ್ ಹೋದಾಗ ಮೇಷ್ಟ್ರು ಯಾಕೆ ಬರಲಿಲ್ಲ ಅಂತ ಕೇಳಲೇ ಇಲ್ಲ. ಹಳೆಯ ಹಾಳೆ ಒಂದನ್ನು ಮತ್ತೆ ಬರೆಯಿರಿ ಅಂದರು. ಬರೆದು ಪಕ್ಕದಲ್ಲಿ ಇಟ್ಟೆ. ಕೈ ತಪ್ಪಿತ್ತು, ಆದರೆ ಎಲ್ಲಿ ತಪ್ಪಿದೆ ಅಂತ ಈಗ ನನಗೆ ಕಾಣುತ್ತಿತ್ತು. ಮಧ್ಯದಲ್ಲಿ ಬಿಟ್ಟು ಮತ್ತೆ ಬರುವವರು ಮೊದಲ ವಾರದ ಹಾಳೆಗಳನ್ನು ನೋಡಿ ಎದೆಗುಂದಬೇಡಿ. ಕೈ ಹದಿನೈದು ದಿನದಲ್ಲಿ ಮರಳುತ್ತದೆ. ಕಣ್ಣು ಕಲಿತದ್ದು ಎಲ್ಲೂ ಹೋಗಿರುವುದಿಲ್ಲ.

ಅಲ್ಲಿಂದ ನವೆಂಬರ್ ಮುಗಿಯುವವರೆಗೆ ಹೋಗಿದ್ದು ಬಾಗಿದ ತಲೆಗೆ. ಜೀವಂತ ಮನುಷ್ಯರು ಮೂರ್ತಿಯ ಹಾಗೆ ನೇರ ಕೂರುವುದಿಲ್ಲ. ಮಗಳು ಯಾವಾಗಲೂ ಮೊಬೈಲ್ ಕಡೆ ಬಗ್ಗಿರುತ್ತಾಳೆ. ತಲೆ ಬಗ್ಗಿದ ಕೂಡಲೇ ಕಲಿತ ಗೆರೆಗಳೆಲ್ಲ ಜಾಗ ಬಿಡುತ್ತವೆ. ನೆತ್ತಿ ಜಾಸ್ತಿ ಕಾಣುತ್ತದೆ, ಕಣ್ಣು ಅರ್ಧಕ್ಕಿಂತ ಕೆಳಗೆ ಬರುತ್ತದೆ, ಗದ್ದ ಮೋಟಾಗುತ್ತದೆ, ಕಿವಿ ಹುಬ್ಬಿಗಿಂತ ಮೇಲೆ ಏರುತ್ತದೆ. ತಲೆ ಎತ್ತಿದರೆ ಇದೆಲ್ಲ ಉಲ್ಟಾ. ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ನಾನು ಒಂದು ದೊಡ್ಡ ಮೂಸಂಬಿಗೆ ದಾರ ಸುತ್ತಿದೆ. ಹುಬ್ಬಿಗೆ ಒಂದು ಸುತ್ತು, ಮೂಗಿಗೆ ಒಂದು, ನಡುವೆ ಮೇಲಿಂದ ಕೆಳಗೆ ಒಂದು. ಅದನ್ನು ಕೈಯಲ್ಲಿ ಬಗ್ಗಿಸಿ, ತಿರುಗಿಸಿ, ದಾರ ಹೇಗೆ ಬಳೆಯ ಹಾಗೆ ಬಾಗುತ್ತದೆ ಅಂತ ನೋಡಿ ಬರೆದೆ. ಸುಮಾರು ಮೂವತ್ತು ಹಾಳೆ ಬರೀ ಮೂಸಂಬಿ. ನನ್ನ ಏಳು ತಿಂಗಳಲ್ಲಿ ಅತ್ಯಂತ ಬೇಸರದ ಹಾಳೆಗಳು ಅವು, ಅತ್ಯಂತ ಉಪಯೋಗಕ್ಕೆ ಬಂದದ್ದೂ ಅವೇ.

ಫೋಟೋ ನೋಡಿ ಬರೆಯುವವರಿಗೆ ಒಂದು ಎಚ್ಚರಿಕೆ. ಮೊಬೈಲನ್ನು ಮುಖದ ಹತ್ತಿರ ಹಿಡಿದು ತೆಗೆದ ಫೋಟೋದಲ್ಲಿ ಮೂಗು ದಪ್ಪಗಾಗುತ್ತದೆ, ಕಿವಿ ಹಿಂದಕ್ಕೆ ಸರಿದು ಸಣ್ಣದಾಗುತ್ತದೆ. ಹತ್ತಿರದ್ದು ದೊಡ್ಡದಾಗಿ ಕಾಣುವುದು ಸಹಜ ತಾನೇ. ನೀವು ಎಷ್ಟೇ ಸರಿಯಾಗಿ ನಕಲು ಮಾಡಿದರೂ ಅದು ಆ ಮನುಷ್ಯರ ಹಾಗೆ ಕಾಣುವುದಿಲ್ಲ. ಎರಡು ಮೂರು ಮೀಟರ್ ದೂರ ನಿಂತು, ಕಣ್ಣಿನ ಮಟ್ಟಕ್ಕೆ ಹಿಡಿದು, ಜೂಮ್ ಮಾಡಿ ತೆಗೆಯಿರಿ. ನಾವು ಚಿತ್ರ ಮಾಡಿಸಲು ಕೊಟ್ಟದ್ದು ಮಗಳು ಅಜ್ಜಿಯ ಪಕ್ಕ ಕೂತು ತೆಗೆದ ಸೆಲ್ಫಿ. ಅಷ್ಟರಮಟ್ಟಿಗೆ ತಪ್ಪು ನಮ್ಮದೂ ಇತ್ತು.

ನೆರಳು ಬೆಳಕಿನ ಪಾಠಕ್ಕೆ ಮೇಷ್ಟ್ರು ಜಗನ್ಮೋಹನ ಅರಮನೆಗೆ ಹೋಗಿ ಬನ್ನಿ ಅಂದರು. ಅಲ್ಲಿರುವ ದೀಪ ಹಿಡಿದ ಹೆಂಗಸಿನ ಚಿತ್ರ ಎಲ್ಲರಿಗೂ ಗೊತ್ತು. ರವಿವರ್ಮರದ್ದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ಅದು ಸಾವಂತವಾಡಿಯ ಎಸ್. ಎಲ್. ಹಲ್ದಂಕರ್ ಅವರು 1940ರ ದಶಕದಲ್ಲಿ ಬರೆದ ಜಲವರ್ಣ. ಮಾದರಿಯಾಗಿ ನಿಂತದ್ದು ಅವರ ಮಗಳೇ. ಚಿಕ್ಕಂದಿನಿಂದ ನಾಲ್ಕೈದು ಸಲ ನೋಡಿದ್ದೆ. ಈ ಸಲ ಮುಖದ ಮುಂದೆ ಅರ್ಧ ಗಂಟೆ ನಿಂತೆ. ನಾವು ದಿನಾ ನೋಡುವ ಮುಖಗಳ ಮೇಲೆ ಬೆಳಕು ಮೇಲಿನಿಂದ ಬೀಳುತ್ತದೆ. ಹಾಗಾಗಿ ಹುಬ್ಬಿನ ಕೆಳಗೆ, ಮೂಗಿನ ಅಡಿ, ಮೇಲ್ದುಟಿ, ಕೆಳದುಟಿಯ ಕೆಳಗಿನ ಹಳ್ಳ ಕಪ್ಪು. ಅಲ್ಲಿ ಬೆಳಕು ಕೈಯಲ್ಲಿರುವ ದೀಪದಿಂದ ಮೇಲಕ್ಕೆ ಹೋಗುತ್ತದೆ. ಎಲ್ಲಿ ಕಪ್ಪು ಇರಬೇಕೋ ಅಲ್ಲಿ ಬೆಳಗುತ್ತದೆ. ಹಾಗಿದ್ದೂ ಮುಖ ಎಲ್ಲೂ ಮುರಿದಿಲ್ಲ, ಏಕೆಂದರೆ ಕೆಳಗಿನ ಆಕಾರ ಗಟ್ಟಿಯಾಗಿದೆ. ಶೇಡಿಂಗ್ ಅಂದರೆ ಪೆನ್ಸಿಲ್ ತಿಕ್ಕಿ ನುಣುಪು ಮಾಡುವುದು ಅಂದುಕೊಂಡಿದ್ದವಳು ಅಲ್ಲಿಂದ ಬೇರೆ ಯೋಚನೆ ಹೊತ್ತು ಬಂದೆ. ಮುಖದ ಯಾವ ಮಗ್ಗುಲು ಬೆಳಕಿನ ಕಡೆ ತಿರುಗಿದೆ, ಯಾವುದು ಬೆನ್ನು ಹಾಕಿದೆ ಅಂತ ನೋಡಬೇಕು. ಮನೆಯಲ್ಲಿ ಒಂದೇ ಬಲ್ಬು ಉರಿಸಿ, ಅದನ್ನು ಪಕ್ಕದಲ್ಲಿ ಸ್ವಲ್ಪ ಮೇಲೆ ಇಟ್ಟು ಅಭ್ಯಾಸ ಮಾಡಿ. ಎರಡು ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ ಏನೂ ಕಾಣುವುದಿಲ್ಲ. ಇನ್ನೊಂದು, ಕಣ್ಣಿನ ಬಿಳಿಯನ್ನು ಬಿಳಿ ಬಿಡಬೇಡಿ. ಅದು ಗುಂಡು, ಅದರ ಮೇಲೆ ರೆಪ್ಪೆಯ ನೆರಳಿದೆ.

ಡಿಸೆಂಬರ್‌ನಲ್ಲಿ ಅತ್ತೆಯನ್ನು ಕೂರಿಸಿದೆ.

ಮೊದಲ ಚಿತ್ರ ಎರಡು ದಿನ ಕೂತು ಬರೆದೆ. ಅಳತೆ ಎಲ್ಲ ಸರಿ. ಹಣೆ, ಮೂಗು, ಗದ್ದ ಮೂರೂ ಸಮ. ಕಿವಿ ಹುಬ್ಬಿನಿಂದ ಮೂಗಿಗೆ. ಮುಗಿಸಿ ಗೋಡೆಗೆ ಒರಗಿಸಿ ಹಿಂದೆ ಸರಿದು ನೋಡಿದೆ. ಹೊಟ್ಟೆಯಲ್ಲಿ ತಣ್ಣಗಾಯಿತು. ಬೀರುವಿನ ಮೇಲೆ ಮಗುಚಿ ಇಟ್ಟಿದ್ದೆವಲ್ಲ, ಆ 4,000 ರೂಪಾಯಿಯ ಚಿತ್ರ, ಅದೇ ಹೆಂಗಸು ನನ್ನ ಹಾಳೆಯ ಮೇಲೂ ಕೂತಿದ್ದಳು. ಅದನ್ನು ಇಳಿಸಿ ತಂದು ಪಕ್ಕದಲ್ಲಿ ಇಟ್ಟು ಪೆನ್ಸಿಲ್‌ನಲ್ಲಿ ಅಳೆದೆ. ಅವರೂ ಮೂರೂ ಭಾಗ ಸಮ ಮಾಡಿದ್ದರು.

ಆಮೇಲೆ ಅತ್ತೆಯ ಮುಖ ಅಳೆದೆ. ಎದುರಿಗೆ ಕೂತು, ಕೈ ಚಾಚಿ, ನಿಧಾನವಾಗಿ. ಅವರಿಗೆ ಹಲ್ಲು ಇಲ್ಲ. ಹಲ್ಲು ಸೆಟ್ಟು ಹಾಕುವುದು ಮದುವೆಗೆ ಹೋಗುವಾಗ ಮಾತ್ರ. ಹಲ್ಲಿಲ್ಲದ ದವಡೆ ಮೇಲಕ್ಕೆ ಬಂದು ಮುಚ್ಚಿಕೊಳ್ಳುತ್ತದೆ. ಮೂಗು ನಾಲ್ಕು ಅಂಗುಲ ಅಂದರೆ ಮೂಗಿನ ಕೆಳಗೆ ಗದ್ದದವರೆಗೆ ಮೂರೇ ಇತ್ತು. ತುಟಿ ಒಳಗೆ ಮಡಚಿಕೊಂಡಿತ್ತು. ವಯಸ್ಸಾದಂತೆ ಮೂಗಿನ ತುದಿ ಇಳಿಯುತ್ತದೆ, ಕಿವಿ ಉದ್ದವಾಗುತ್ತದೆ. ಅತ್ತೆಯದ್ದು ಅರವತ್ತು ವರ್ಷ ಓಲೆಯ ಭಾರ ಹೊತ್ತ ಕಿವಿಹಾಲೆ. ಮೂಗಿನ ಬುಡದ ಗೆರೆ ದಾಟಿ ಒಂದು ಬೆರಳು ಕೆಳಗೆ ಇಳಿದಿತ್ತು. ಕೂದಲು ಹಿಂದೆ ಸರಿದು ಹಣೆ ಅಗಲವಾಗಿತ್ತು. ಮೇಲಿನ ರೆಪ್ಪೆ ಇಳಿಬಿದ್ದು ಕಣ್ಣಿನ ಹೊರಮೂಲೆಯನ್ನು ಮುಚ್ಚಿತ್ತು.

ಎರಡು ಚಿತ್ರದಲ್ಲೂ ನಾವು ಅವರಿಗೆ ಹಲ್ಲು ಕಟ್ಟಿಸಿ, ಕಿವಿ ಕತ್ತರಿಸಿ, ಮೂವತ್ತು ವರ್ಷ ಕಡಿಮೆ ಮಾಡಿದ್ದೆವು.

ನನಗೆ ಅಳತೆ ಬ್ಲೌಸ್ ನೆನಪಾಯಿತು. 36ರ ಕಟಿಂಗ್ ನನಗೆ ಕಣ್ಣು ಮುಚ್ಚಿದರೂ ಬರುತ್ತದೆ. ಆದರೆ ಯಾರಿಗೂ ನಾನು 36ರ ಬ್ಲೌಸ್ ಹೊಲಿದು ಕೊಡುವುದಿಲ್ಲ. ಅವರ ಅಳತೆ ಬ್ಲೌಸ್ ತೆಗೆದುಕೊಂಡು, ಇವರ ಭುಜ ಎಷ್ಟು ಇಳಿಜಾರು, ತೋಳು ಎಷ್ಟು ಬಿಗಿ ಅಂತ ನೋಡಿ, 36ರಿಂದ ಎಲ್ಲಿ ಎಷ್ಟು ಬೇರೆ ಅಂತ ಗುರುತು ಹಾಕುತ್ತೇನೆ. ಮುಖದ ಲೆಕ್ಕವೂ ಹಾಗೇ ಇರುವುದು. ಮೂರು ಸಮ ಪಾಲು ಗೊತ್ತಿದ್ದರೆ ತಾನೇ ಮೂರನೆಯದು ಮೋಟಾಗಿದೆ ಅಂತ ಕಾಣುವುದು? ಮಕ್ಕಳದ್ದೂ ಬೇರೆ ಲೆಕ್ಕ. ಎಳೆ ಮಕ್ಕಳ ಕಣ್ಣು ಅರ್ಧಕ್ಕಿಂತ ಕೆಳಗೆ ಇರುತ್ತದೆ, ಬುರುಡೆ ದೊಡ್ಡದು, ದವಡೆ ಇನ್ನೂ ಬೆಳೆದಿರುವುದಿಲ್ಲ. ದೊಡ್ಡವರ ಅಳತೆಯಲ್ಲಿ ಮಗು ಬರೆದರೆ ಕುಳ್ಳ ಮನುಷ್ಯ ಆಗುತ್ತಾನೆ.

ಮೇಷ್ಟ್ರಿಗೆ ಎರಡೂ ಚಿತ್ರ ತೋರಿಸಿದೆ. "ಇಷ್ಟು ದಿನ ಕಲಿತಿದ್ದು ಇದನ್ನ ನೋಡೋಕ್ಕೇ ಕಣಮ್ಮಾ. ಈಗ ಹೋಗಿ ಅವರನ್ನ ಬರೀರಿ" ಅಂದರು.

ಅತ್ತೆ ಒಂಬತ್ತು ಸಲ ಕೂತರು. ಅವರನ್ನು ಸುಮ್ನೆ ಕೂರಿಸಲು ಆಗುವುದಿಲ್ಲ. ಹತ್ತು ನಿಮಿಷಕ್ಕೆ ತೂಕಡಿಕೆ ಬರುತ್ತದೆ, ಇಲ್ಲ ಮಾತು ಶುರುವಾಗುತ್ತದೆ. ಅವರೆಕಾಯಿ ಕಾಲ. ಮೊರ ಕೊಟ್ಟು ಜಗಲಿಯಲ್ಲಿ ಕೂರಿಸಿದೆ. ಕಾಯಿ ಸುಲಿಯುತ್ತಾ ತಲೆ ಸ್ವಲ್ಪ ಬಗ್ಗಿತು, ಮುಖ ತಾನಾಗಿ ಸಡಿಲವಾಯಿತು. ಆಗ ಮೂಸಂಬಿಯ ಹಾಳೆಗಳು ಕೈ ಹಿಡಿದವು. ಕುರ್ಚಿಯ ನಾಲ್ಕು ಕಾಲಿಗೂ ಟೈಲರ್ ಚಾಕ್‌ನಿಂದ ನೆಲಕ್ಕೆ ಗುರುತು ಹಾಕಿದ್ದೆ, ನಾನು ಕೂರುವ ಸ್ಟೂಲಿಗೂ. ಬೆಳಿಗ್ಗೆ ಒಂಬತ್ತೂವರೆಯಿಂದ ಹತ್ತೂಕಾಲರವರೆಗೆ ಮಾತ್ರ ಬೆಳಕು ಒಂದೇ ಥರ ಇರುತ್ತಿತ್ತು. ಇಪ್ಪತ್ತು ನಿಮಿಷ ಬರೆದು ಬಿಡುವು, ಮತ್ತೆ ಇಪ್ಪತ್ತು ನಿಮಿಷ. ಮೋಡ ಇದ್ದ ದಿನ ಕೂರಿಸಲೇ ಇಲ್ಲ. ಮೊದಲ ಮೂರು ದಿನ ಬರೀ ಅಳತೆ ಮತ್ತು ತೆಳು ಗೆರೆ. ಕಣ್ಣು ಬರೆದದ್ದು ಆರನೆಯ ದಿನ.

"ಎಷ್ಟು ದಿನ ನೋಡ್ತೀಯೇ ನನ್ನ ಮುಖಾನ? ಇಪ್ಪತ್ತು ವರ್ಷದಿಂದ ನೋಡ್ತಾನೇ ಇದೀಯಲ್ಲ" ಅಂದರು ಒಂದು ದಿನ.

ನೋಡಿರಲಿಲ್ಲ. ಅವರ ಬಲಗಡೆಯ ಹುಬ್ಬು ಎಡಗಡೆಯದ್ದಕ್ಕಿಂತ ಒಂದಿಷ್ಟು ಮೇಲೆ ಇದೆ. ಗದ್ದದ ಕೆಳಗೆ ಹಳೆಯ ಸುಟ್ಟ ಗುರುತು ಇದೆ. ಅದು ಹೇಗಾಯಿತು ಅಂತ ಕೇಳಿದೆ. ಹದಿನಾರನೇ ವಯಸ್ಸಿನಲ್ಲಿ ಸೌದೆ ಒಲೆ ಊದುವಾಗ ಕಿಡಿ ಹಾರಿದ್ದಂತೆ. ಅವರ ಮಗನಿಗೂ ಆ ಕಥೆ ಗೊತ್ತಿರಲಿಲ್ಲ.

ಪ್ರತಿದಿನ ಮುಗಿದ ಮೇಲೆ ಚಿತ್ರವನ್ನು ಕನ್ನಡಿಗೆ ಹಿಡಿದು ನೋಡುತ್ತಿದ್ದೆ. ಕನ್ನಡಿಯಲ್ಲಿ ಎಡ ಬಲ ಅದಲುಬದಲಾದಾಗ ಓರೆ ಎದ್ದು ಕಾಣುತ್ತದೆ. ಎರಡು ಸಲ ಒಂದು ಕಣ್ಣು ಮೇಲೇರಿದ್ದು ಹಾಗೇ ಸಿಕ್ಕಿಬಿತ್ತು. ತಲೆಕೆಳಗು ಮಾಡಿ ನೋಡುವುದೂ ಅಷ್ಟೇ ಒಳ್ಳೆಯದು. ಮುಗಿದ ಮೇಲೆ ಪೆನ್ಸಿಲ್ ಅಳಿಸದ ಹಾಗೆ ಫಿಕ್ಸೆಟಿವ್ ಸ್ಪ್ರೇ ಹೊಡೆದೆ, 450 ರೂಪಾಯಿ. ಬಯಲಿನಲ್ಲಿ, ತೆಳ್ಳಗೆ, ಎರಡು ಸಲ. ಒಂದೇ ಸಲ ದಪ್ಪ ಹೊಡೆದರೆ ಮಚ್ಚೆ ಬೀಳುತ್ತದೆ, ಮೊದಲು ಹಳೆಯ ಹಾಳೆಯ ಮೇಲೆ ನೋಡಿ. ಫ್ರೇಮ್ ಅಂಗಡಿಯವರು 900 ಹೇಳಿದ್ದಾರೆ, ಒಂದು ವಾರ ಬೇಕಂತೆ. ಗಾಜು ಚಿತ್ರಕ್ಕೆ ತಾಗದ ಹಾಗೆ ಸುತ್ತ ರಟ್ಟಿನ ಮೌಂಟ್ ಕೊಡಿ ಅಂತ ಕೇಳಿ ಹಾಕಿಸಿಕೊಳ್ಳಿ. ಮೇಷ್ಟ್ರಿಗೆ ಐದು ತಿಂಗಳಿಗೆ 4,000 ಆಯಿತು. ಆ ಚಿತ್ರ ಮಾಡಿಸಲು ಕೊಟ್ಟಷ್ಟೇ ದುಡ್ಡು.

ಭಾನುವಾರ ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಹಲಗೆಯನ್ನು ತೊಡೆಯ ಮೇಲಿಟ್ಟು ನೋಡಿದರು. ತುಂಬಾ ಹೊತ್ತು ಏನೂ ಹೇಳಲಿಲ್ಲ.

"ಮೂಗುಬೊಟ್ಟು ಆ ಕಡೆ ಬರೆದಿದೀಯಲ್ಲೇ."

ಅವರು ಬೊಟ್ಟು ಇಡುವುದು ಬಲ ಹೊಳ್ಳೆಗೆ. ನಾನು ಬಲಕ್ಕೇ ಬರೆದಿದ್ದೆ. ಎದುರಿನಿಂದ ನೋಡುವವರಿಗೆ ಅದು ಎಡಗಡೆ ಕಾಣುತ್ತದೆ. ಆಗ ಹೊಳೆಯಿತು. ಅತ್ತೆ ತಮ್ಮ ಮುಖವನ್ನು ಎಂಬತ್ತು ವರ್ಷದಿಂದ ನೋಡಿರುವುದು ಕನ್ನಡಿಯಲ್ಲಿ. ನಮಗೆ ಕಾಣುವ ಅತ್ತೆ ಅವರಿಗೆ ಕಂಡೇ ಇಲ್ಲ.

ಒಳಗಿನಿಂದ ಬೀರುವಿನ ಹತ್ತಿರದ ದೊಡ್ಡ ಕನ್ನಡಿ ತಂದು ಗೋಡೆಗೆ ಒರಗಿಸಿದೆ. ಅತ್ತೆಯನ್ನು ಅದರ ಮುಂದೆ ಕೂರಿಸಿ, ಚಿತ್ರವನ್ನು ಅವರ ಭುಜದ ಪಕ್ಕ ಎತ್ತಿ ಹಿಡಿದೆ. ಕನ್ನಡಿಯಲ್ಲಿ ಈಗ ಇಬ್ಬರ ಮೂಗುಬೊಟ್ಟೂ ಒಂದೇ ಕಡೆ. ಅವರು ಒಮ್ಮೆ ಅದನ್ನು ನೋಡಿದರು, ಒಮ್ಮೆ ಇದನ್ನು. ಬಾಯಿ ಒಂದು ಸಲ ತೆರೆದು ಮುಚ್ಚಿದರು.

"ಹ್ಞೂ. ನಾನೇ ಕಣೇ" ಅಂದರು. ಆಮೇಲೆ ಕೈ ಎತ್ತಿ ಕಿವಿಹಾಲೆ ಮುಟ್ಟಿಕೊಂಡು, "ಕಿವಿ ಇಷ್ಟುದ್ದ ಆಗಿದ್ಯಾ ನಂದು?" ಅಂತ ಕೇಳಿದರು.